ಶಾಲೆಯ ಫಸ್ಟ್ ಏಡ್ ಪೆಟ್ಟಿಗೆಗೆ ಪಟ್ಟಿ ಬರೆಯುವವರು ಯಾರು?

ಚಿಕ್ಕಮಗಳೂರು ಪೇಟೆಯ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸುವ ಹೆಂಗಸಿನ ಕೈಗೆ ಗಾಯವಾದರೆ ಮುಂದೇನಾಗಬೇಕು ಎಂಬುದನ್ನು ಕಾನೂನು ಬಹಳ ಹಿಂದೆಯೇ ಬರೆದಿಟ್ಟಿದೆ. 1948ರ ಕಾರ್ಖಾನೆ ಕಾಯ್ದೆಯ 45ನೇ ಕಲಂ ಪ್ರಕಾರ 150 ಕಾರ್ಮಿಕರಿಗೆ ಒಂದರಂತೆ ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇರಬೇಕು. ನಿಯಮದಲ್ಲಿ ಹೇಳಿದ ಸಾಮಾನು ಬಿಟ್ಟು ಅದರೊಳಗೆ ಬೇರೇನೂ ಇರಕೂಡದು. ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಪಡೆದ ಒಬ್ಬರು ಪೆಟ್ಟಿಗೆಗೆ ಹೊಣೆಯಾಗಿದ್ದು, ಕೆಲಸದ ಹೊತ್ತಿನುದ್ದಕ್ಕೂ ಕೈಗೆ ಸಿಗುವಂತಿರಬೇಕು. ಆ ಕಾಯ್ದೆಯ ಜಾಗಕ್ಕೆ ಈಗ ಬಂದಿರುವ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಈ ಹೊಣೆಯನ್ನು ಉಳಿಸಿಕೊಂಡಿದೆ. ಅದೇ ಹೆಂಗಸಿನ ಮಗು ಓದುವ ಪ್ರಾಥಮಿಕ ಶಾಲೆಯ ಮಟ್ಟಿಗೆ ಇಷ್ಟು ಸ್ಪಷ್ಟವಾದ ಒಂದು ಸಾಲೂ ಶಿಕ್ಷಣ ಹಕ್ಕು ಕಾಯ್ದೆಯಲ್ಲಿಲ್ಲ. 2009ರ ಆ ಕಾಯ್ದೆಯ ಅನುಸೂಚಿಯಲ್ಲಿ ಕೊಠಡಿ, ಶೌಚಾಲಯ, ಕುಡಿಯುವ ನೀರು, ಅಡುಗೆ ಕೋಣೆ, ಆಟದ ಮೈದಾನ, ಬೇಲಿ, ಗ್ರಂಥಾಲಯ ಎಲ್ಲ ಇವೆ. ಪ್ರಥಮ ಚಿಕಿತ್ಸಾ ಪೆಟ್ಟಿಗೆ ಮಾತ್ರ ಇಲ್ಲ. ಪಟ್ಟಿ ಇಲ್ಲವೆಂದರೆ ಹೊಣೆಯೂ ಇಲ್ಲ ಎಂದು ಅನೇಕ ಶಾಲೆಗಳು ತಿಳಿದಿವೆ. ಅದು ತಪ್ಪು ತಿಳಿವಳಿಕೆ. ಹೊಣೆ ಗಟ್ಟಿಯಾಗಿಯೇ ಇದೆ, ಪಟ್ಟಿ ಬರೆಯುವ ಅಧಿಕಾರ ಊರಿನ ಪೋಷಕರ ಕೈಯಲ್ಲಿದೆ, ಮಲೆನಾಡಿನ ಶಾಲೆಗಳಿಗೆ ಅದೇ ಹೆಚ್ಚು ಅನುಕೂಲ ಎಂಬುದು ನನ್ನ ವಾದ.

ಹೊಣೆ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. 2004ರ ಜುಲೈನಲ್ಲಿ ತಮಿಳುನಾಡಿನ ಕುಂಭಕೋಣಂ ಶಾಲೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಕ್ಕಳು ಸತ್ತರು. ಅದರ ಬೆನ್ನಿಗೇ ಹೂಡಿದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ತೀರ್ಪು ಕೊಟ್ಟು, ಸುರಕ್ಷಿತ ಶಾಲೆಯೂ ಶಿಕ್ಷಣದ ಮೂಲಭೂತ ಹಕ್ಕಿನೊಳಗೇ ಸೇರಿದೆ ಎಂದಿತು. ಅದಕ್ಕೂ ಮೊದಲು, 1995ರಲ್ಲಿ ಬಿಯಾಸ್ ನದಿ ದಂಡೆಗೆ ಪಿಕ್‌ನಿಕ್ ಕರೆದೊಯ್ದ ಶಾಲೆಯ 14 ಮಕ್ಕಳು ಮುಳುಗಿ ಸತ್ತ ಪ್ರಕರಣದಲ್ಲಿ, ಮಕ್ಕಳು ಶಿಕ್ಷಕರ ವಶದಲ್ಲಿರುವಷ್ಟು ಹೊತ್ತು ಅವರ ಕಾಳಜಿಯ ಭಾರ ಶಾಲೆಯ ಮೇಲಿದೆ ಎಂದು ಹೇಳಿ, 2001ರಲ್ಲಿ ಪರಿಹಾರವನ್ನು ಎತ್ತಿಹಿಡಿದಿತ್ತು. ಕೇಂದ್ರ ಶಿಕ್ಷಣ ಸಚಿವಾಲಯ 2021ರಲ್ಲಿ ಹೊರಡಿಸಿದ ಶಾಲಾ ಸುರಕ್ಷತಾ ಮಾರ್ಗಸೂಚಿ, ಮಗುವಿಗೆ ವೈದ್ಯಕೀಯ ನೆರವು ಕೊಡಿಸುವಲ್ಲಿ ತಡ ಮಾಡುವುದನ್ನು ಆಡಳಿತದ ನಿರ್ಲಕ್ಷ್ಯದ ಸಾಲಿನಲ್ಲೇ ಇಟ್ಟಿದೆ. ತನ್ನ ವಶದಲ್ಲಿರುವ ಮಗುವನ್ನು ಬೇಕೆಂದೇ ಅಲಕ್ಷಿಸಿ ನರಳಿಸಿದವರಿಗೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂನಲ್ಲಿ ಜೈಲು ಶಿಕ್ಷೆಯಿದೆ. ಪೆಟ್ಟಿಗೆ ಖಾಲಿ ಇದ್ದ ಮಾತ್ರಕ್ಕೆ ಯಾರೂ ಜೈಲಿಗೆ ಹೋಗುವುದಿಲ್ಲ, ನಿಜ. ಆದರೆ ಅನಾಹುತವಾದ ದಿನ ವಿಚಾರಣಾಧಿಕಾರಿ ಮೊದಲು ಕೇಳುವುದು ಪೆಟ್ಟಿಗೆ ಎಲ್ಲಿತ್ತು, ಕೀಲಿ ಯಾರ ಹತ್ತಿರವಿತ್ತು, ಆಸ್ಪತ್ರೆಗೆ ಹೊರಡಲು ಎಷ್ಟು ಹೊತ್ತಾಯಿತು ಎಂಬುದನ್ನೇ.

ಪಟ್ಟಿ ಬರೆಯುವ ಅಧಿಕಾರ ಇರುವುದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ಎಸ್‌ಡಿಎಂಸಿಗೆ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರು ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಾಗಿರಬೇಕು. 22ನೇ ಕಲಂ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವ ಕೆಲಸವನ್ನು ಸರ್ಕಾರಿ ಶಾಲೆಯ ಸಮಿತಿಗೇ ಕೊಟ್ಟಿದೆ. ನಡಾವಳಿ ಪುಸ್ತಕದಲ್ಲಿ ಒಂದು ನಿರ್ಣಯ ಬರೆದು, ಪೆಟ್ಟಿಗೆಯಲ್ಲಿ ಏನಿರಬೇಕು, ಯಾರು ನೋಡಿಕೊಳ್ಳಬೇಕು, ಮುಗಿದದ್ದನ್ನು ಯಾವ ಹಣದಿಂದ ತರಬೇಕು ಎಂದು ದಾಖಲಿಸಿ ಸಹಿ ಹಾಕಿದರೆ ಆ ಶಾಲೆಯ ಮಟ್ಟಿಗೆ ಅದೇ ನಿಯಮ. ಅಂಗಡಿಯಲ್ಲಿ ಸಿಗುವ ಸಿದ್ಧ ಪೆಟ್ಟಿಗೆಯನ್ನು ತಂದು ಗೋಡೆಗೆ ತಗುಲಿಹಾಕುವುದಕ್ಕಿಂತ ಇದು ಮೇಲು. ಏಕೆಂದರೆ ಆ ಸಿದ್ಧ ಪೆಟ್ಟಿಗೆ ಕಳಸದ ಮಳೆ ನೋಡಿ ತಯಾರಾದದ್ದಲ್ಲ. ಜೂನ್‌ನಿಂದ ತಿಂಗಳುಗಟ್ಟಲೆ ಬಿಸಿಲು ಕಾಣದ ಕೊಟ್ಟಿಗೆಹಾರ, ಬಾಳೂರು, ಸಂಸೆ ಕಡೆಯ ಶಾಲೆಗಳಲ್ಲಿ ತಗಡಿನ ಪೆಟ್ಟಿಗೆ ತುಕ್ಕು ಹಿಡಿಯುತ್ತದೆ, ಹತ್ತಿಗೆ ಬೂಷ್ಟು ಬರುತ್ತದೆ, ಅಂಟುಪಟ್ಟಿ ಅಂಟುವುದನ್ನೇ ಬಿಡುತ್ತದೆ. ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿ, ಒಂದೊಂದಾಗಿ ಸೀಲ್ ಮಾಡಿದ ಗಾಜ್ ಬಟ್ಟೆ, ಮಳೆಗಾಲದ ನಡುವೆ ಒಮ್ಮೆ ಪರಿಶೀಲನೆ, ಇವು ಇಲ್ಲಿನ ಅಗತ್ಯ.

ಒಳಗಿನ ಸಾಮಾನನ್ನೂ ಈ ನೆಲ ನೋಡಿಯೇ ಆರಿಸಬೇಕು. ಸುತ್ತುವ ಬ್ಯಾಂಡೇಜ್, ಮುರಿದ ಕೈಯನ್ನು ಕೊರಳಿಗೆ ತೂಗುಹಾಕಲು ತ್ರಿಕೋನದ ಬಟ್ಟೆ, ಕ್ರೇಪ್ ಬ್ಯಾಂಡೇಜ್, ಪೊವಿಡೋನ್ ಅಯೋಡಿನ್, ಕೈಗವಸು, ಕತ್ತರಿ, ಥರ್ಮಾಮೀಟರ್, ಓಆರ್‌ಎಸ್ ಪೊಟ್ಟಣ, ಸೋಪು ಎಲ್ಲ ಕಡೆಗೂ ಬೇಕು. ತೋಟದ ದಾರಿಯಲ್ಲಿ ಬರುವ ಮಕ್ಕಳ ಕಾಲಿಗೆ ಇಂಬಳ ಹತ್ತಿದರೆ ರಕ್ತ ಬೇಗ ನಿಲ್ಲುವುದಿಲ್ಲ. ತೊಳೆದು ಗಾಜ್ ಬಟ್ಟೆಯಿಂದ ಒತ್ತಿ ಹಿಡಿಯಬೇಕಾಗುತ್ತದೆ, ಆದ್ದರಿಂದ ಗಾಜ್ ಇಲ್ಲಿ ಹೆಚ್ಚು ಖರ್ಚಾಗುತ್ತದೆ. ಉಣ್ಣೆ ಕೀಳಲು ಮೊನೆ ಸಣ್ಣಗಿರುವ ಚಿಮುಟ ಇರಲೇಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ 2024ರಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಂಡಿತ್ತು. ಉಣ್ಣೆಯನ್ನು ಚರ್ಮಕ್ಕೆ ಹತ್ತಿರ ಹಿಡಿದು ನೆಟ್ಟಗೆ ಎಳೆಯಬೇಕು, ಜಜ್ಜಬಾರದು, ತಾರೀಖು ಬರೆದಿಡಬೇಕು. ನಂತರದ ದಿನಗಳಲ್ಲಿ ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ತಾರೀಖು ಹೇಳಬೇಕು. ಆರೋಗ್ಯ ಇಲಾಖೆ ಕಾಡಂಚಿನ ಊರುಗಳಿಗೆ ಹಂಚುವ ಉಣ್ಣೆ ನಿರೋಧಕ ಎಣ್ಣೆಯನ್ನು ಶಾಲೆಗೂ ಕೇಳಿ ಪಡೆಯಬಹುದು. ಗಾಯಕ್ಕೆ ಕಾಫಿ ಪುಡಿ ಅಥವಾ ಅರಿಶಿನ ಒತ್ತುವುದು ನಮ್ಮ ಕಡೆ ಮನೆಮಾತಿನಂಥ ರೂಢಿ. ಶಾಲೆಯಲ್ಲಿ ಅದು ಬೇಡವೆಂದು ಪೆಟ್ಟಿಗೆಯ ಮುಚ್ಚಳದ ಒಳಗೇ ಬರೆದು ಅಂಟಿಸಬೇಕು: ಪುಡಿ ಗಾಯದೊಳಗೆ ಕೂತು ಕೊಳೆ ಸೇರಿಸುತ್ತದೆ, ಆಸ್ಪತ್ರೆಯಲ್ಲಿ ಅದನ್ನು ತೊಳೆದು ತೆಗೆಯುವಾಗ ಮಗು ಮತ್ತೆ ನೋಯುತ್ತದೆ. ಬಿಸಿ ಸಾರು ಚೆಲ್ಲಿ ಸುಟ್ಟರೆ ಹರಿಯುವ ತಣ್ಣೀರೇ ಮೊದಲ ಔಷಧ, ಅದೂ ಇಪ್ಪತ್ತು ನಿಮಿಷ. 2023ರ ನವೆಂಬರಿನಲ್ಲಿ ಕಲಬುರಗಿ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿ ಸಾಂಬಾರಿನ ಪಾತ್ರೆಗೆ ಬಿದ್ದ ಎರಡನೇ ತರಗತಿಯ ಬಾಲಕಿ ಉಳಿಯಲಿಲ್ಲ. ಹಾಗಾಗಿ ಅಕ್ಷರ ದಾಸೋಹದ ಅಡುಗೆ ಸಿಬ್ಬಂದಿಗೂ ಈ ಪೆಟ್ಟಿಗೆಯ ಪರಿಚಯ ಇರಬೇಕು.

ಇಷ್ಟೆಲ್ಲ ತುಂಬಿದ ಮೇಲೂ ಹಾವು ಕಚ್ಚಿದಾಗ ಪೆಟ್ಟಿಗೆಯೊಳಗೆ ಮದ್ದು ಇರುವುದಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಕೊಡುವ ಪ್ರತಿವಿಷ ಆಸ್ಪತ್ರೆಯಲ್ಲಿ ಮಾತ್ರ ಸಿಗುತ್ತದೆ. ತೋಟಗಳಲ್ಲಿರುವ ಗುಳಿಮಂಡಲದ ಜಾತಿಗಳಿಗೆ ಅದೂ ಹೊಂದುವುದಿಲ್ಲ, ಅವಕ್ಕೆ ವೈದ್ಯರ ನಿಗಾ ಬೇಕು. ಬಿಗಿಯಾಗಿ ದಾರ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ; ಕೈಕಾಲು ಅಲುಗಿಸದಂತೆ ಇಟ್ಟು ಸಾಗಿಸುವುದೊಂದೇ ಪ್ರಥಮ ಚಿಕಿತ್ಸೆ. 2019ರ ನವೆಂಬರಿನಲ್ಲಿ, ನಮ್ಮಂತೆಯೇ ಕಾಫಿ ಬೆಳೆಯುವ ವಯನಾಡಿನ ಸುಲ್ತಾನ್ ಬತ್ತೇರಿಯ ಸರ್ಕಾರಿ ಶಾಲೆಯ ತರಗತಿಯೊಳಗೇ ಐದನೇ ತರಗತಿಯ ಬಾಲಕಿಗೆ ಹಾವು ಕಚ್ಚಿತು. ಆಸ್ಪತ್ರೆಗೆ ಒಯ್ಯಲು ತಡ ಮಾಡಿದರೆಂಬ ಆರೋಪ ಎದ್ದು ಶಿಕ್ಷಕರ ಅಮಾನತಾಯಿತು, ಆದರೆ ಮಗು ಆ ದಿನವೇ ತೀರಿಹೋಗಿತ್ತು. ಆದ್ದರಿಂದ ಎಸ್‌ಡಿಎಂಸಿಯ ನಿರ್ಣಯದಲ್ಲಿ ಬ್ಯಾಂಡೇಜಿಗಿಂತ ಮೊದಲು ಬರಬೇಕಾದ ವಿಷಯ ವಾಹನ. 108ಕ್ಕೆ ಕರೆ ಮಾಡಲು ಶಾಲೆಯ ಯಾವ ಮೂಲೆಯಲ್ಲಿ ನೆಟ್‌ವರ್ಕ್ ಸಿಗುತ್ತದೆ, ಆಂಬುಲೆನ್ಸ್ ತಡವಾದರೆ ಯಾರ ಜೀಪು, ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆ ಯಾವುದು ಎಂಬುದನ್ನು ಜೂನ್‌ಗೆ ಮೊದಲೇ ಕೇಳಿ ಬರೆದಿಡಬೇಕು. ಕಳಸದಿಂದ ಮೂಡಿಗೆರೆಗೆ ಐವತ್ತು ಕಿಲೋಮೀಟರಿಗೂ ಹೆಚ್ಚು ತಿರುವಿನ ದಾರಿ. ಮರ ಬಿದ್ದರೆ ಅದೂ ಬಂದ್.

ಇದಕ್ಕೆ ಶಿಕ್ಷಕರು ಎತ್ತುವ ಆಕ್ಷೇಪವನ್ನು ಗೌರವದಿಂದ ಕೇಳಬೇಕು. ನಾವು ಡಾಕ್ಟರಲ್ಲ, ಮುಟ್ಟಿದ ಮೇಲೆ ಏನಾದರೂ ಆದರೆ ಕೇಸು ನಮ್ಮ ಮೇಲೆ ಬರುತ್ತದೆ ಎಂಬುದು ಅವರ ಭಯ. ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ ಈ ಭಯಕ್ಕೇ ಉತ್ತರ ಕೊಡುತ್ತದೆ. ಒಪ್ಪಿಗೆ ಕೇಳಲು ಸಮಯವಿಲ್ಲದಾಗ, ಆ ವ್ಯಕ್ತಿಯ ಒಳಿತಿಗಾಗಿ ಸದ್ಭಾವನೆಯಿಂದ ಮಾಡಿದ ಕೆಲಸ ಅಪರಾಧವಲ್ಲ. ಅಲ್ಲಿ ಕೊಟ್ಟಿರುವ ಉದಾಹರಣೆಗಳಲ್ಲಿ ಒಂದು ಮಗುವಿನದೇ: ಪೋಷಕರನ್ನು ಕೇಳುವಷ್ಟು ಹೊತ್ತಿಲ್ಲದೆ, ಮಗು ಬೇಡವೆಂದು ಅತ್ತರೂ ಶಸ್ತ್ರಚಿಕಿತ್ಸೆ ಮಾಡಿ ಜೀವ ಉಳಿಸಲು ನೋಡಿದ ವೈದ್ಯ ತಪ್ಪಿತಸ್ಥನಲ್ಲ ಎನ್ನುತ್ತದೆ. ಪ್ರಥಮ ಚಿಕಿತ್ಸೆ ಅದಕ್ಕಿಂತ ಎಷ್ಟೋ ಸಣ್ಣ ಕೆಲಸ. ಆದರೆ ಸಾಕಷ್ಟು ಎಚ್ಚರ ಮತ್ತು ಗಮನ ಇಲ್ಲದೆ ಮಾಡಿದ್ದನ್ನು ಕಾನೂನು ಸದ್ಭಾವನೆ ಎಂದು ಒಪ್ಪುವುದಿಲ್ಲ. ಶಿಕ್ಷಕರಿಗೆ ತರಬೇತಿ ಕೊಡಿ ಎಂದು ಇಲಾಖೆಯನ್ನು ಒತ್ತಾಯಿಸಲು ಇದೇ ಬಲವಾದ ಆಧಾರ. ಆಸ್ಪತ್ರೆಯವರು ಪೊಲೀಸ್ ಬರಲಿ, ಪೋಷಕರು ಬರಲಿ ಎಂದು ತುರ್ತು ಚಿಕಿತ್ಸೆ ನಿಲ್ಲಿಸುವಂತಿಲ್ಲ. ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಪ್ರತಿ ವೈದ್ಯರಿಗೂ ಜೀವ ಉಳಿಸುವ ಕರ್ತವ್ಯವನ್ನು ವಿಧಿಸಿದೆ. ಮಾತ್ರೆಯ ವಿಷಯದಲ್ಲಿ ಮಾತ್ರ ಶಿಕ್ಷಕರ ಹಿಂಜರಿಕೆ ಸರಿ ಎಂದೇ ನನ್ನ ಅಭಿಪ್ರಾಯ. ನೋವಿನ ಮಾತ್ರೆ, ಆಂಟಿಬಯಾಟಿಕ್ ಪೆಟ್ಟಿಗೆಯಲ್ಲಿ ಬೇಡ. ಉಬ್ಬಸ, ಮೂರ್ಛೆ ರೋಗ, ಸಕ್ಕರೆ ಕಾಯಿಲೆ ಇರುವ ಮಗುವಿನ ಔಷಧವನ್ನು ಪೋಷಕರು ವೈದ್ಯರ ಚೀಟಿ ಮತ್ತು ಒಪ್ಪಿಗೆ ಪತ್ರದ ಜೊತೆ, ಮಗುವಿನ ಹೆಸರು ಬರೆದ ಚೀಲದಲ್ಲಿ ಕೊಡಬೇಕು.

ಇನ್ನೊಂದು ಆಕ್ಷೇಪ ಹಣ ಮತ್ತು ಕೆಲಸದ ಹೊರೆಯದ್ದು. ಸರ್ಕಾರಿ ಶಾಲೆಗೆ ಬರುವ ಸಂಯುಕ್ತ ಅನುದಾನ ಮಕ್ಕಳ ಸಂಖ್ಯೆ ನೋಡಿ ನಿಗದಿಯಾಗುತ್ತದೆ. ಹತ್ತಿಪ್ಪತ್ತು ಮಕ್ಕಳಿರುವ ಗುಡ್ಡದ ಶಾಲೆಗೆ ಸಿಗುವುದು ಕಡಿಮೆ, ಆಸ್ಪತ್ರೆಯಿಂದ ದೂರ ಇರುವುದೂ ಅದೇ ಶಾಲೆ. ಈ ಅನ್ಯಾಯವನ್ನು ಒಪ್ಪಿಕೊಂಡೇ ಹೇಳಬೇಕು: ಮೇಲೆ ಹೇಳಿದ ಸಾಮಾನಿನಲ್ಲಿ ದುಬಾರಿಯಾದದ್ದು ಯಾವುದೂ ಇಲ್ಲ, ಸಾಲದಿದ್ದರೆ ಗ್ರಾಮ ಪಂಚಾಯಿತಿಯನ್ನು ಕೇಳಲು ದಾರಿಯಿದೆ. ಪ್ರತಿ ವರ್ಷ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಈ ಬೇಡಿಕೆ ಇಟ್ಟರೆ ಪಂಚಾಯಿತಿ ಅದನ್ನು ದಾಖಲಿಸಲೇಬೇಕು. ಕೆಲಸದ ಹೊರೆ ಇನ್ನೂ ನಿಜವಾದ ಮಾತು. ಒಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಅವರು ಸಭೆಗೆ ಮೂಡಿಗೆರೆಗೆ ಹೋದ ದಿನ ಬೀರುವಿನ ಕೀಲಿಯೂ ಜೊತೆಗೆ ಹೋಗುತ್ತದೆ. ಹಾಗಾಗಿ ಪೆಟ್ಟಿಗೆಗೆ ಬೀಗವೇ ಇರಬಾರದು. ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ದೊಡ್ಡವರೆಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಇರಬೇಕು. ಅವಧಿ ಮೀರಿದ್ದನ್ನು ತೆಗೆದು ಹೊಸದನ್ನು ಇಡುವ ಕೆಲಸವನ್ನು ಸಮಿತಿಯ ಪೋಷಕ ಸದಸ್ಯರೊಬ್ಬರಿಗೆ ಒಪ್ಪಿಸಬಹುದು.

ಅನುದಾನರಹಿತ ಖಾಸಗಿ ಶಾಲೆಗಳಿಗೆ ಎಸ್‌ಡಿಎಂಸಿ ಇಲ್ಲ. ಅಲ್ಲಿ ಹೊಣೆ ನೇರವಾಗಿ ಆಡಳಿತ ಮಂಡಳಿಯದು. ಶಾಲಾ ವಾಹನದ ವಿಷಯದಲ್ಲಂತೂ ಸಂದೇಹಕ್ಕೆ ಜಾಗವೇ ಇಲ್ಲ. ಸುಪ್ರೀಂ ಕೋರ್ಟ್ 1997ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಕೊಟ್ಟ ನಿರ್ದೇಶನದ ನಂತರ ಶಾಲಾ ಬಸ್ಸಿನಲ್ಲಿ ಪ್ರಥಮ ಚಿಕಿತ್ಸಾ ಪೆಟ್ಟಿಗೆ ಕಡ್ಡಾಯ, ಕರ್ನಾಟಕ 2012ರಲ್ಲಿ ಶಾಲಾ ಮಕ್ಕಳ ವಾಹನಗಳಿಗೆಂದೇ ಪ್ರತ್ಯೇಕ ನಿಯಮಗಳನ್ನು ಮಾಡಿದೆ. ಬಸ್ಸಿನ ಪೆಟ್ಟಿಗೆ ಖಾಲಿ ಕಂಡರೆ ದೂರು ಕೊಡಬೇಕಾದದ್ದು ಪ್ರಾದೇಶಿಕ ಸಾರಿಗೆ ಅಧಿಕಾರಿಗೆ.

ಕೇಳುವ ಕ್ರಮ ಹೀಗೆ. ಮೊದಲು ಮುಖ್ಯ ಶಿಕ್ಷಕರಿಗೂ ಎಸ್‌ಡಿಎಂಸಿ ಅಧ್ಯಕ್ಷರಿಗೂ ಒಂದೇ ಪುಟದ ಮನವಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಪಡೆಯಿರಿ. ಮುಂದಿನ ಸಭೆಯಲ್ಲಿ ಅದು ಚರ್ಚೆಗೆ ಬರದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಬರೆಯಿರಿ. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಂ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ, ನಿಮ್ಮ ಮಾತು ಕೇಳಿ ಮೂರು ತಿಂಗಳೊಳಗೆ ತೀರ್ಮಾನ ಹೇಳಬೇಕು. ತೃಪ್ತಿಯಾಗದಿದ್ದರೆ ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ಜೊತೆಯಲ್ಲೇ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಬಹುದು. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ ಇರುವುದರಿಂದ ಪ್ರಶ್ನೆ ಚುಟುಕಾಗಿರಲಿ: ಹಿಂದಿನ ಸಾಲಿನಲ್ಲಿ ಪ್ರಥಮ ಚಿಕಿತ್ಸಾ ಸಾಮಗ್ರಿಗೆ ಮಾಡಿದ ಖರ್ಚಿನ ರಸೀದಿಯ ನಕಲು, ಆ ಬಗ್ಗೆ ಎಸ್‌ಡಿಎಂಸಿ ಕೈಗೊಂಡ ನಿರ್ಣಯದ ನಕಲು, ತರಬೇತಿ ಪಡೆದ ಸಿಬ್ಬಂದಿಯ ಹುದ್ದೆ ಮತ್ತು ತರಬೇತಿಯ ದಿನಾಂಕ. ಉತ್ತರಕ್ಕೆ 30 ದಿನ, ಬಾರದಿದ್ದರೆ ಮೊದಲ ಮೇಲ್ಮನವಿಗೆ ಮತ್ತೆ 30 ದಿನದ ಅವಕಾಶ. ಮಳೆ ಹಿಡಿಯುವ ಮೊದಲು ಪೆಟ್ಟಿಗೆ ತುಂಬಬೇಕೆಂದಿದ್ದರೆ ಅರ್ಜಿ ಮಾರ್ಚ್‌ನಲ್ಲೇ ಹೋಗಬೇಕು. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿದ್ದ ಮೇಲೆ ಹಾಕುವವರು ಅದನ್ನು ಶಾಲೆಯ ವಿಳಾಸಕ್ಕೆ ಕಳಿಸದೆ ಬಿಇಒ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುವುದು ಒಳ್ಳೆಯದು.