ಒಂದೇ ಯಂತ್ರ, ಹಲವು ನುಡಿ

ಮಕ್ಕಳೇ, ನಮ್ಮ ನೀಲಗಿರಿ ಜಿಲ್ಲೆಯಲ್ಲಿ ಎಷ್ಟು ನುಡಿಗಳಿವೆ, ಬಲ್ಲಿರಾ? ಉದಕಮಂಡಲ, ಗೂಡಲೂರು, ಮಸಿನಗುಡಿಗಳ ಪೇಟೆಯಲ್ಲಿ ಒಮ್ಮೆ ನಡೆದು ನೋಡಿ. ತಮಿಳು, ಕನ್ನಡ, ಬಡಗ, ಮಲಯಾಳ ನುಡಿಗಳು ಕಿವಿಗೆ ಬೀಳುತ್ತವೆ. ತೋಡರಿಗೂ ಕೋತರಿಗೂ ತಮ್ಮದೇ ಆದ ನುಡಿಗಳಿವೆ. ಬೇರೆ ಬೇರೆ ಭಾಷೆಗಳ ಮಕ್ಕಳು ಶಾಲೆಯ ಒಂದೇ ಗಣಕಯಂತ್ರವನ್ನು ಬಳಸಿದರೆ, ಅದು ಯಾರ ಭಾಷೆಯನ್ನು ತೋರಿಸಬೇಕು?

ಎಲ್ಲರ ಭಾಷೆಯನ್ನೂ ತೋರಿಸಬಲ್ಲದು! ಅದು ಹೇಗೆಂದು ತಿಳಿಯೋಣ.

ಯಂತ್ರದ ಮೇಲ್ವಿಚಾರಕ

ಗಣಕಯಂತ್ರದ ಕೆಲಸಗಳನ್ನೆಲ್ಲ ನೋಡಿಕೊಳ್ಳುವ ಮುಖ್ಯ ತಂತ್ರಾಂಶಕ್ಕೆ ಕಾರ್ಯಾಚರಣಾ ವ್ಯವಸ್ಥೆ ಎಂದು ಹೆಸರು. ವಿಂಡೋಸ್, ಲಿನಕ್ಸ್ ಇದಕ್ಕೆ ಉದಾಹರಣೆಗಳು. ಭಾಷೆ, ಗಡಿಯಾರ, ಅಕ್ಷರದ ಗಾತ್ರ ಇವನ್ನೆಲ್ಲ ನಮಗೆ ಬೇಕಾದಂತೆ ಹೊಂದಿಸುವ ಸಾಧನಗಳು ಅದರಲ್ಲಿಯೇ ಇರುತ್ತವೆ. ವಿಂಡೋಸ್‌ನಲ್ಲಿ ಈ ಸಾಧನಗಳಿರುವ ಸ್ಥಳವನ್ನು ‘ಸೆಟ್ಟಿಂಗ್ಸ್’ ಎನ್ನುತ್ತಾರೆ.

ಒಬ್ಬೊಬ್ಬರಿಗೆ ಒಂದೊಂದು ಖಾತೆ

ಅಂಚೆ ಕಚೇರಿಯಲ್ಲಿ ಉಳಿತಾಯ ಖಾತೆ ಇರುವಂತೆ ಗಣಕಯಂತ್ರದಲ್ಲಿಯೂ ಬಳಕೆದಾರರ ಖಾತೆಗಳಿರುತ್ತವೆ. ಖಾತೆಗಳಲ್ಲಿ ಎರಡು ಬಗೆ. ಒಂದು ನಿರ್ವಾಹಕರ ಖಾತೆ. ಇದರಿಂದ ಹೊಸ ತಂತ್ರಾಂಶವನ್ನು ಸೇರಿಸಬಹುದು, ಹೊಸ ಖಾತೆಗಳನ್ನು ತೆರೆಯಬಹುದು. ಇದು ಶಿಕ್ಷಕರ ಬಳಿ ಇರಬೇಕು. ಇನ್ನೊಂದು ಸಾಮಾನ್ಯ ಖಾತೆ. ಇದು ಮಕ್ಕಳಿಗೆ.

ಶಿಕ್ಷಕರು ‘ಕನ್ನಡ’ ಎಂಬ ಹೆಸರಿನ ಒಂದು ಖಾತೆಯನ್ನೂ ‘ತಮಿಳು’ ಎಂಬ ಹೆಸರಿನ ಇನ್ನೊಂದು ಖಾತೆಯನ್ನೂ ತೆರೆದರೆಂದು ಇಟ್ಟುಕೊಳ್ಳಿ. ಕನ್ನಡ ಖಾತೆಯಲ್ಲಿ ನೀವು ಭಾಷೆಯನ್ನು ಬದಲಿಸಿದರೆ, ತಮಿಳು ಖಾತೆಯ ಭಾಷೆ ಬದಲಾಗುವುದಿಲ್ಲ. ನಿಮಗೆ ಕನ್ನಡ ಸಿಕ್ಕಿತೆಂದು ನಿಮ್ಮ ಗೆಳತಿಯ ತಮಿಳಿಗೆ ಕುಂದು ಬರುವುದಿಲ್ಲ.

ಕನ್ನಡವನ್ನು ಸೇರಿಸುವ ಬಗೆ

ವಿಂಡೋಸ್ 11ರಲ್ಲಿ ಶಿಕ್ಷಕರ ಜೊತೆ ಕುಳಿತು ಹೀಗೆ ಮಾಡಿ:

1. ಕನ್ನಡ ಖಾತೆಯ ಮೂಲಕ ಒಳಗೆ ಹೋಗಿ, ‘ಸೆಟ್ಟಿಂಗ್ಸ್’ ತೆರೆಯಿರಿ.
2. ‘ಟೈಮ್ ಅಂಡ್ ಲ್ಯಾಂಗ್ವೇಜ್’ ಎಂಬುದನ್ನು ಆರಿಸಿ.
3. ಭಾಷೆಗಳ ಪಟ್ಟಿಗೆ ‘ಕನ್ನಡ’ವನ್ನು ಸೇರಿಸಿ. ಇದಕ್ಕೆ ಮೊದಲ ಸಲ ಅಂತರ್ಜಾಲ ಸಂಪರ್ಕ ಬೇಕು.
4. ಪರದೆಯ ಭಾಷೆಯನ್ನು ಕನ್ನಡಕ್ಕೆ ಬದಲಿಸಿ. ಹೊರಬಂದು ಮತ್ತೆ ಒಳಗೆ ಹೋಗಿ.

ಈಗ ಪರದೆಯ ಮೇಲಿನ ಹಲವು ಹೆಸರುಗಳು ಕನ್ನಡದಲ್ಲಿ ಕಾಣಿಸುತ್ತವೆ.

ಇದೇ ಪುಟದಲ್ಲಿ ಗಡಿಯಾರವನ್ನೂ ನೋಡಿ. ಸಮಯ ವಲಯದ ಪಟ್ಟಿಯಲ್ಲಿ ‘ಚೆನ್ನೈ, ಕೋಲ್ಕತ್ತಾ, ಮುಂಬಯಿ, ನವದೆಹಲಿ’ ಇರುವ ಸಾಲನ್ನು ಆರಿಸಿರಬೇಕು. ದಿನಾಂಕ ತಪ್ಪಾಗಿದ್ದರೆ ನೀವು ಇಂದು ಬರೆದ ಕಡತ ಬೇರೊಂದು ದಿನದ್ದೆಂದು ಕಾಣುತ್ತದೆ.

ಅಕ್ಷರಕ್ಕೊಂದು ಸಂಖ್ಯೆ

ಹಿಂದೆ ಒಂದು ಗಣಕಯಂತ್ರದಲ್ಲಿ ಬರೆದ ಕನ್ನಡ, ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿದ್ದುದುಂಟು. ಒಂದೊಂದು ತಂತ್ರಾಂಶವೂ ಅಕ್ಷರಗಳಿಗೆ ತನ್ನದೇ ಸಂಖ್ಯೆಗಳನ್ನು ಕೊಡುತ್ತಿದ್ದುದೇ ಇದಕ್ಕೆ ಕಾರಣ. 1991ರಲ್ಲಿ ಬಂದ ಯೂನಿಕೋಡ್ ಎಂಬ ಪದ್ಧತಿಯು ಲೋಕದ ಹಲವು ಲಿಪಿಗಳ ಅಕ್ಷರಗಳಿಗೆ ಬೇರೆ ಬೇರೆ ಸಂಖ್ಯೆಗಳನ್ನು ಕೊಟ್ಟಿತು. ಅದರಲ್ಲಿ ಕನ್ನಡದ ‘ಅ’ 3205, ತಮಿಳಿನ ‘ಅ’ 2949. ಆದುದರಿಂದ ಎರಡೂ ಒಂದೇ ಪುಟದಲ್ಲಿದ್ದರೂ ಯಂತ್ರಕ್ಕೆ ಗೊಂದಲವಿಲ್ಲ.

ಭಾರತೀಯ ಭಾಷೆಗಳಿಗಾಗಿ ರಚಿಸಿದ ‘ಇನ್‌ಸ್ಕ್ರಿಪ್ಟ್’ ಕೀಲಿಮಣೆಯಲ್ಲಿ ಸ್ವರಗಳು ಎಡಗಡೆ, ವ್ಯಂಜನಗಳು ಹೆಚ್ಚಾಗಿ ಬಲಗಡೆ ಇರುತ್ತವೆ. ಅದರಲ್ಲಿ ಕನ್ನಡ, ತಮಿಳು, ಮಲಯಾಳ ಮೂರರ ‘ಕ’ ಅಕ್ಷರಕ್ಕೂ ಒಂದೇ ಕೀಲಿ! ಪರದೆಯಲ್ಲಿ ಮೂಡುವ ಲಿಪಿ ಮಾತ್ರ ಬೇರೆ.

ಮರೆಯಬಾರದ ಮಾತುಗಳು

ಅರ್ಥವಾಗದುದನ್ನು ಒತ್ತಬೇಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬದಲಿಸುವ ಮೊದಲು ಅದು ಹೇಗಿತ್ತೆಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಗುಪ್ತಪದವನ್ನು ಯಾರಿಗೂ ಹೇಳಬೇಡಿ. ಕೆಲಸ ಮುಗಿದ ಮೇಲೆ ನಿಮ್ಮ ಖಾತೆಯಿಂದ ಹೊರಬನ್ನಿ.

ನೆರೆಯ ಕೇರಳದ ಶಾಲೆಗಳಲ್ಲಿ ಲಿನಕ್ಸ್ ಬಳಸುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಕಯಂತ್ರದ ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಲಿನಕ್ಸ್‌ನಲ್ಲಿಯೂ ಖಾತೆಗೊಂದು ಭಾಷೆಯನ್ನು ಆರಿಸಬಹುದು.

ಪರದೆಯ ಮೇಲಿನ ಮಾತು ಅರ್ಥವಾಗದಿದ್ದಾಗ ‘ನನಗೆ ಬುದ್ಧಿ ಸಾಲದು’ ಎಂದು ಕೆಲವು ಮಕ್ಕಳು ಹಿಂದೆ ಸರಿಯುತ್ತಾರೆ. ಹಾಗೆ ಸರಿಯಬೇಕಾಗಿಲ್ಲ. ಅಲ್ಲಿ ಕೊರತೆ ಇರುವುದು ಬುದ್ಧಿಯಲ್ಲಿ ಅಲ್ಲ, ಯಂತ್ರದ ಹೊಂದಿಕೆಯಲ್ಲಿ. ಅದನ್ನು ಬದಲಿಸಿಕೊಡಿರೆಂದು ಶಿಕ್ಷಕರನ್ನು ಕೇಳಿ.

ಹೊಸ ಪದಗಳು

ತಂತ್ರಾಂಶ – ಗಣಕಯಂತ್ರವನ್ನು ನಡೆಸುವ ಸೂಚನೆಗಳ ಸಮೂಹ
ನಿರ್ವಾಹಕ – ನಡೆಸುವವನು, ನೋಡಿಕೊಳ್ಳುವವನು
ಕಡತ – ಬರಹ, ಚಿತ್ರ ಮೊದಲಾದವನ್ನು ಸಂಗ್ರಹಿಸಿಟ್ಟದ್ದು
ಗುಪ್ತಪದ – ಖಾತೆಯನ್ನು ತೆರೆಯುವ ರಹಸ್ಯ ಪದ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕಾರ್ಯಾಚರಣಾ ವ್ಯವಸ್ಥೆ ಎಂದರೇನು?
2. ಯೂನಿಕೋಡ್‌ನಲ್ಲಿ ಕನ್ನಡದ ‘ಅ’ ಅಕ್ಷರದ ಸಂಖ್ಯೆ ಯಾವುದು?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ನಿರ್ವಾಹಕರ ಖಾತೆ ಎಲ್ಲರ ಕೈಯಲ್ಲಿ ಇದ್ದರೆ ಏನಾಗಬಹುದು?
2. ಒಂದೇ ಯಂತ್ರದಲ್ಲಿ ಎರಡು ಭಾಷೆಗಳು ಹೇಗೆ ಇರಬಲ್ಲವು?

ಇ) ಮಾಡಿ ನೋಡಿರಿ.
ನಿಮ್ಮ ತರಗತಿಯ ಮಕ್ಕಳು ಮನೆಯಲ್ಲಿ ಆಡುವ ನುಡಿಗಳ ಪಟ್ಟಿಯನ್ನು ಗಣಕಯಂತ್ರದಲ್ಲಿ ಕನ್ನಡದಲ್ಲಿಯೇ ಬರೆಯಿರಿ.