ಬೀಟ್‌ರೂಟ್: ಸೊಪ್ಪು ಸೊಂಪಾಗಿದೆ, ಗಡ್ಡೆ ಎಲ್ಲಿ?

ಭಟ್ಕಳ, ಹೊನ್ನಾವರ, ಕುಮಟಾದ ಹಿತ್ತಲುಗಳಿಂದ ಪ್ರತಿ ಚಳಿಗಾಲ ಬರುವ ದೂರು ಒಂದೇ: ಬೀಟ್‌ರೂಟ್ ಸೊಪ್ಪು ಮೊಣಕಾಲೆತ್ತರ ಬಂತು, ಗಡ್ಡೆ ಕಟ್ಟಲಿಲ್ಲ, ಬೀಜವೇ ಸರಿಯಿಲ್ಲ. ಬೀಜವನ್ನು ದೂರುವ ಮೊದಲು ಒಂದು ಬುಡ ಕಿತ್ತು ನೋಡಿ. ಪೆನ್ಸಿಲ್ ದಪ್ಪದ ಮೂರ್ನಾಲ್ಕು ಬೇರುಗಳು ಒಂದಕ್ಕೊಂದು ಹೊಸೆದುಕೊಂಡಿರುತ್ತವೆ. ನೀವು ಬಿತ್ತಿದ ಆ ಒರಟು ಕಾಳು ಒಂದು ಬೀಜವಲ್ಲ, ಎರಡರಿಂದ ನಾಲ್ಕು ಬೀಜಗಳ ಗೊಂಚಲು. ಕುಣಿಗೊಂದೇ ಹಾಕಿದ್ದೇನೆ ಎಂಬ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ.

ಮೊಳೆತ 12-15 ದಿನಕ್ಕೆ ಬುಡಕ್ಕೊಂದು ಗಟ್ಟಿ ಸಸಿ ಉಳಿಸಿ, ಮಿಕ್ಕವನ್ನು ಕತ್ತರಿಯಿಂದ ನೆಲಮಟ್ಟಕ್ಕೆ ತೆಗೆಯಿರಿ. ಕಿತ್ತರೆ ಉಳಿಯುವ ಸಸಿಯ ಬೇರೂ ಅಲುಗುತ್ತದೆ. ಸಸಿಯಿಂದ ಸಸಿಗೆ 10 ಸೆಂ.ಮೀ. ಅಂತರ ಇರಲೇಬೇಕು. ಎಷ್ಟು ಹೇಳಿದರೂ ಕೆಲವರಿಗೆ ಮನಸ್ಸು ಬರುವುದಿಲ್ಲ. ಹೆಚ್ಚಾದ ಸಸಿಯನ್ನು ಭತ್ತದ ಅಗೆಯಂತೆ ಕಿತ್ತು ಬೇರೆಡೆ ನೆಡುತ್ತಾರೆ. ತಾಯಿಬೇರು ತುಂಡಾಗಿ ಗಡ್ಡೆ ಕವಲೊಡೆಯುತ್ತದೆ. ಗಡ್ಡೆ ಬರಲಿಲ್ಲವೆಂದು ಮುಷ್ಟಿಗಟ್ಟಲೆ ಯೂರಿಯಾ ಎರಚುವುದಂತೂ ಶುದ್ಧ ಅವಿವೇಕ. ಅದರಿಂದ ಸೊಪ್ಪು ಇನ್ನಷ್ಟು ಕೊಬ್ಬುತ್ತದೆ, ಅಷ್ಟೇ.

4 ಅಡಿ ಅಗಲ, 25 ಅಡಿ ಉದ್ದದ ಏರುಮಡಿಯ ಲೆಕ್ಕ ಹೇಳುತ್ತೇನೆ, ತೂಕ ಮಾಡಿಯೇ ಹಾಕಿ. ನಮ್ಮದು ಹುಳಿ ಮಣ್ಣು. ಬಿತ್ತುವ ಮೂರು ವಾರ ಮೊದಲು ಅರಳಿದ ಚಿಪ್ಪು ಸುಣ್ಣ ಒಂದೂವರೆ ಕೆ.ಜಿ. ಬೆರೆಸಿ. ಕೊಟ್ಟಿಗೆ ಗೊಬ್ಬರವನ್ನು ಅದೇ ದಿನ ಹಾಕಬೇಡಿ, ಸಾರಜನಕ ಹಾರಿಹೋಗುತ್ತದೆ. ಬಿತ್ತನೆಗೆ ಮುನ್ನ ಚೆನ್ನಾಗಿ ಕಳಿತದ್ದು 25 ಕೆ.ಜಿ. ಸಾಕು. ಬಿತ್ತುವಾಗ ಸೂಪರ್ ಫಾಸ್ಫೇಟ್ 500 ಗ್ರಾಂ, ಪೊಟ್ಯಾಷ್ 100 ಗ್ರಾಂ, ಯೂರಿಯಾ 75 ಗ್ರಾಂ. ತಿಂಗಳ ನಂತರ ಯೂರಿಯಾ ಇನ್ನೊಂದು 75 ಗ್ರಾಂ. ಮತ್ತೆ ಬೇಡ.

ಬೋರಾಕ್ಸ್ 10 ಗ್ರಾಂ, ಒಣ ಮರಳಿನಲ್ಲಿ ಕಲಸಿ ಮಡಿಗೆಲ್ಲ ಸಮನಾಗಿ ಬೀಳುವಂತೆ ಹಾಕಿ. ಗಡ್ಡೆ ಕೊಯ್ದಾಗ ಒಳಗೆ ಕಪ್ಪು ಕಲೆ, ನಡುವಿನ ಎಳೆಎಲೆ ಕರಕಲು ಕಂಡರೆ ಅದು ರೋಗವಲ್ಲ, ಬೋರಾನ್ ಕೊರತೆ. ಮುಂಗಾರು ಬೋರಾನನ್ನು ತೊಳೆದೊಯ್ಯುತ್ತದೆ, ಸುಣ್ಣ ಅತಿಯಾದರೂ ಬೇರಿಗೆ ಸಿಗದು. ಆದರೆ 10 ಗ್ರಾಂ ಎಂದರೆ ಹತ್ತೇ. ಹೆಚ್ಚಾದರೆ ಬೋರಾನ್ ವಿಷವಾಗುತ್ತದೆ, ಮುಂದಿನ ಅಲಸಂದೆಯೂ ಸುಟ್ಟುಹೋಗುತ್ತದೆ.

ನವೆಂಬರ್‌ನಲ್ಲಿ, ಮಳೆ ಪೂರ್ತಿ ನಿಂತ ಮೇಲೆ ಬಿತ್ತಿ. ಉಚಿತ ಬೀಜದ ಕಿಟ್‌ಗೆ ಕಾಯುತ್ತ ಕೂತರೆ ಹಂಗಾಮು ಹೋಗುತ್ತದೆ. ಡೆಟ್ರಾಯಿಟ್ ಡಾರ್ಕ್ ರೆಡ್ ಅಥವಾ ಕ್ರಿಮ್ಸನ್ ಗ್ಲೋಬ್ 10 ಗ್ರಾಂ ಕೊಂಡುಕೊಳ್ಳಿ. ರಾತ್ರಿ ನೆನೆಸಿ, ಅಡಿಗೊಂದು ಸಾಲಿನಲ್ಲಿ 2 ಸೆಂ.ಮೀ. ಆಳಕ್ಕೆ ಊರಿ. ಬೀಟ್‌ರೂಟಿನ ಮೂಲ ಸಮುದ್ರದಂಚಿನ ಕಾಡುಗಿಡ. ಬೆಳೆದ ಗಿಡ ತುಸು ಉಪ್ಪು ತಾಳುತ್ತದೆ, ಮೊಳಕೆ ತಾಳದು. ಉಪ್ಪುನೀರಿನ ಗಜನಿ ಗದ್ದೆಯ ಪಕ್ಕದ ಬಾವಿಯವರು ಮೊದಲ ಮೂರು ವಾರ ಸಿಹಿನೀರೇ ಹಾಕಬೇಕು.

80-90 ದಿನಕ್ಕೆ ಗಡ್ಡೆ 5-7 ಸೆಂ.ಮೀ. ಅಗಲವಾಗುತ್ತದೆ. ಇನ್ನೂ ದಪ್ಪವಾಗಲಿ ಎಂದು ಬಿಟ್ಟರೆ ನಾರಾಗುತ್ತದೆ, ಆಗಲೇ ಕೀಳಿ.