ಅಂಬಾಸಿಡರಿಗೆ ಕಿಡಿ ಹೊಂದಿಸುವ ಪಾಠ

ಹಳೆಯ 1489 ಸಿಸಿ ಅಂಬಾಸಿಡರಿನಲ್ಲಿ ಕಿಡಿ ತೀರ ಬೇಗ ಹೊತ್ತಿದರೆ ಹ್ಯಾಂಡಲು ಹಿಂದಕ್ಕೊದೆದು ಮಣಿಕಟ್ಟು ಮುರಿದೀತು. ಆದುದರಿಂದ ಅವಸರ ಸಲ್ಲದು.

ಗೇರು ನ್ಯೂಟ್ರಲಿನಲ್ಲಿರಲಿ. ಒಂದನೆಯ ಪ್ಲಗ್ಗು ಬಿಚ್ಚಿ, ರಂಧ್ರಕ್ಕೆ ಬೆರಳಿಟ್ಟು ಇಂಜಿನ್ ತಿರುಗಿಸಿರಿ. ಗಾಳಿ ಬೆರಳನ್ನು ನೂಕಿದರೆ ಅದೇ ಕಂಪ್ರೆಷನ್. ಪುಲ್ಲಿಯ ಗುರುತು ಎಗ್ಜಾಸ್ಟಿನಲ್ಲೂ ಬರುತ್ತದೆ. ಅದೊಂದನ್ನೇ ನಂಬಿ ನಾನೊಮ್ಮೆ ಮೋಸಹೋದೆ. ಗುರುತನ್ನು ಕೈಪಿಡಿ ಹೇಳಿದ ಡಿಗ್ರಿಗೆ ನಿಲ್ಲಿಸಿರಿ.

ಪಾಯಿಂಟು ಪೂರ್ತಿ ತೆರೆದಾಗ ಅಂತರ 0.015 ಅಂಗುಲ ಇರುವಂತೆ ಮೊದಲೇ ಮಾಡಿಕೊಂಡ ಡಿಸ್ಟ್ರಿಬ್ಯೂಟರನ್ನು ಕೂರಿಸಿರಿ. ಅದರ ತಂತಿಯ ತಿರುಪಿಗೂ ಇಂಜಿನ್ನಿನ ಮೈಗೂ 12 ವೋಲ್ಟಿನ ಬಲ್ಬು ಕಟ್ಟಿ, ಸ್ವಿಚ್ ಹಾಕಿ, ಪಾಯಿಂಟು ಮುಚ್ಚುವಷ್ಟು ಎಡಕ್ಕೆ, ಬಳಿಕ ಮೆಲ್ಲನೆ ಬಲಕ್ಕೆ ತಿರುಗಿಸಿರಿ. ಬಲ್ಬು ಹೊತ್ತಿದ ಕ್ಷಣವೇ ಕಿಡಿಯ ಕ್ಷಣ, ಅಲ್ಲೇ ಬಿಗಿಮಾಡಿರಿ. ರೋಟರ್ ತೋರುವ ಮನೆಗೆ ಒಂದನೆಯ ತಂತಿ, ಅಲ್ಲಿಂದ ಎಡಸುತ್ತಾಗಿ 3, 4, 2.

ಹ್ಯಾಂಡಲು ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ.